ಗಾಡಿಗೆ ಸಣ್ಣ ಸಿಬಿ ರೇಡಿಯೊ: ಆರಿಸುವುದರಿಂದ ಘಾಟಿಯಲ್ಲಿ ಮಾತಾಡುವವರೆಗೆ

ಸೆಟ್ ಹೊಸದು. ಲೈಟ್ ಉರಿಯುತ್ತದೆ, ಕರಕರ ಸದ್ದೂ ಬರುತ್ತದೆ. ಆದರೆ ಜೊತೆಯ ಗಾಡಿ ಅರ್ಧ ಕಿಲೋಮೀಟರ್ ಹಿಂದೆ ಬಿದ್ದರೆ ಸಾಕು, ಮಾತು ನಿಂತೇ ಹೋಗುತ್ತದೆ. ಮಂಗಳೂರು, ಉಡುಪಿ ಕಡೆ ಗಾಡಿಗೆ ಸಿಬಿ (ಸಿಟಿಜನ್ ಬ್ಯಾಂಡ್, ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ) ಹಾಕಿಸಿಕೊಂಡವರು ಮತ್ತೆ ಮತ್ತೆ ಹೇಳುವ ದೂರು ಇದೇ. ತೊಂದರೆ ಸೆಟ್‌ನಲ್ಲಿ ಇರುವುದು ಅಪರೂಪ. ದುಡ್ಡೆಲ್ಲ ಸೆಟ್‌ಗೆ ಹಾಕಿರುತ್ತಾರೆ, ಆಂಟೆನಾವನ್ನು ಸುಮ್ನೆ ಎಲ್ಲೋ ಅಂಟಿಸಿರುತ್ತಾರೆ, ಅಳೆದು ನೋಡದೆ ಮೈಕ್ ಒತ್ತಿರುತ್ತಾರೆ.

ಈ ಕೆಲಸದಲ್ಲಿ ಕ್ರಮ ತಪ್ಪಿದರೆ ಎಷ್ಟು ದುಬಾರಿ ಸೆಟ್ ತಂದರೂ ಪ್ರಯೋಜನ ಇಲ್ಲ. ಮೊದಲು ಕಾನೂನು, ಆಮೇಲೆ ಆಂಟೆನಾದ ಜಾಗ, ಅದರ ನಂತರ ಸೆಟ್, ವಯರಿಂಗ್, ಅಳತೆ. ಮೈಕ್ ಹಿಡಿದು ಮಾತಾಡುವುದು ಎಲ್ಲಕ್ಕಿಂತ ಕೊನೆಗೆ.

ಹಂತ 1: ನಿಮ್ಮ ಕೆಲಸಕ್ಕೆ ಸಿಬಿ ಸಾಕೇ ನೋಡಿ

ಸಿಬಿ ಇರುವುದು ಒಟ್ಟಿಗೆ ಹೋಗುವ ಗಾಡಿಗಳ ನಡುವೆ ಮಾತಾಡಲು. ಶಿರಾಡಿ ಹತ್ತುವ ಎರಡು ಲಾರಿ, ಆಟ ಮುಗಿಸಿ ಮುಂದಿನ ಊರಿಗೆ ಹೊರಟ ಯಕ್ಷಗಾನ ಮೇಳದ ಬಸ್ಸು ಮತ್ತು ಸಾಮಾನಿನ ಲಾರಿ, ಕುದುರೆಮುಖದ ಕಡೆ ಹೊರಟ ನಾಲ್ಕೈದು ಜೀಪು, ಮದುವೆ ದಿಬ್ಬಣ. ಇಂಥ ಕಡೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಮಂಗಳೂರಲ್ಲಿ ಕೂತು ಹಾಸನದಲ್ಲಿರುವ ಡ್ರೈವರ್ ಜೊತೆ ಮಾತಾಡುವುದು ಇದರಿಂದ ಆಗುವುದಿಲ್ಲ.

ಒಂದು ಮೀಟರ್ ಉದ್ದದ ಒಳ್ಳೆಯ ಆಂಟೆನಾ ಇದ್ದರೆ ಪಡುಬಿದ್ರಿ, ಕಾಪು ಕಡೆಯ ಬಯಲು ಹೆದ್ದಾರಿಯಲ್ಲಿ ಗಾಡಿಯಿಂದ ಗಾಡಿಗೆ ಸಾಮಾನ್ಯವಾಗಿ 3ರಿಂದ 6 ಕಿಲೋಮೀಟರ್ ಸಿಗುತ್ತದೆ. ಊರೊಳಗೆ ಇದು ಕಡಿಮೆ. ಘಾಟಿ ತಿರುವಿನಲ್ಲಿ ಮಧ್ಯೆ ಗುಡ್ಡ ಬಂದರೆ ಒಂದು ಕಿಲೋಮೀಟರ್ ಕೂಡ ದಾಟದೆ ಇರಬಹುದು. ಅಂಗಡಿಯವರು ಹೇಳುವ 20, 30 ಕಿಲೋಮೀಟರ್ ಲೆಕ್ಕವನ್ನು ತಲೆಗೆ ಹಾಕಿಕೊಳ್ಳಬೇಡಿ.

ಹಂತ 2: ಕಾನೂನು ತಿಳಿದೇ ಹಣ ಕೊಡಿ

ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡನ್ನು ಪರವಾನಗಿ ಇಲ್ಲದೆ ಬಳಸಬಹುದು. 2005ರ ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ. ಆಂಟೆನಾದಿಂದ ಹೊರಡುವ ಶಕ್ತಿ 5 ವ್ಯಾಟ್ ಮೀರಬಾರದು. ಬೇರೆಯವರಿಗೆ ತೊಂದರೆ ಕೊಡಬಾರದು. ಬೇರೆಯವರಿಂದ ನಿಮಗೆ ತೊಂದರೆ ಆದರೆ ರಕ್ಷಣೆ ಕೇಳುವ ಹಕ್ಕೂ ಇಲ್ಲ.

ಜಾಸ್ತಿ ಜನ ಎಡವುವುದು ಚಾನೆಲ್ ವಿಷಯದಲ್ಲಿ. ಅಮೆರಿಕ, ಯುರೋಪಿನ ಸೆಟ್‌ಗಳಲ್ಲಿ 40 ಚಾನೆಲ್ ಇರುತ್ತದೆ. 1ನೇ ಚಾನೆಲ್ 26.965, 27ನೇ ಚಾನೆಲ್ 27.275. ಇಲ್ಲಿಯವರೆಗೆ ನಮ್ಮ ಮಿತಿಯೊಳಗೆ. 28ನೇ ಚಾನೆಲ್ 27.285ಕ್ಕೆ ಹೋಗುತ್ತದೆ, ಅಲ್ಲಿಗೆ ಗೆರೆ ದಾಟಿದ ಹಾಗೆ. ಅಂದರೆ ನಮಗೆ ಇರುವುದು 1ರಿಂದ 27 ಮಾತ್ರ. ಕೆಲವು ಯುರೋಪಿನ ಸೆಟ್‌ಗಳಲ್ಲಿ ದೇಶ ಆರಿಸುವ ಮೆನು ಇರುತ್ತದೆ. ಅದರಲ್ಲಿ ಭಾರತ ಇದ್ದರೆ ಅದನ್ನೇ ಹಾಕಿ. ಸೈಡ್‌ಬ್ಯಾಂಡ್ (ಧ್ವನಿ ಕಳಿಸುವ ಇನ್ನೊಂದು ವಿಧಾನ) ಇರುವ ಸೆಟ್‌ಗಳು 12 ವ್ಯಾಟ್‌ವರೆಗೆ ಹೋಗುತ್ತವೆ. ಅವು ನಮಗೆ ಬೇಡ.

ಸೆಟ್‌ಗೆ ಇಟಿಎ ಎನ್ನುವ ಅನುಮೋದನೆ ಇರಬೇಕು. ಇದನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ. ಮಾರುವವರ ಹತ್ತಿರ ಆ ಪತ್ರದ ಪ್ರತಿ ಕೇಳಿ, ಮಾಡೆಲ್ ನಂಬರ್ ಸೆಟ್ ಮೇಲಿನದಕ್ಕೆ ಸರಿಯಾಗಿ ಹೊಂದುತ್ತದೆಯೇ ನೋಡಿ. ಚಾವಣಿ ಮೇಲಿನ ಪ್ರತ್ಯೇಕ ಆಂಟೆನಾಕ್ಕೂ ಅನುಮೋದನೆ ಅನ್ವಯಿಸುತ್ತದೆಯೇ ಎಂದು ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ. ಇಲ್ಲ ಎಂದರೆ ಆ ಸೆಟ್ ಗಾಡಿಗೆ ಬೇಡ. ಆನ್‌ಲೈನ್‌ನಲ್ಲಿ ವಾಕಿಟಾಕಿಯಂಥ ರೇಡಿಯೊ ಮಾರುವವರು ಫ್ರೀಕ್ವೆನ್ಸಿ ಮತ್ತು ಅನುಮೋದನೆ ವಿವರ ತೋರಿಸಬೇಕು ಎಂದು 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ವಿವರ ಇಲ್ಲದ ಕಡೆ ಕೊಳ್ಳಬೇಡಿ.

ನಮ್ಮ ಕರಾವಳಿಗೇ ಹೇಳಬೇಕಾದ ಎರಡು ಮಾತಿದೆ. ಗಲ್ಫ್‌ನಿಂದ ಊರಿಗೆ ಬರುವವರ ಕೈಯಲ್ಲಿ ಸೆಟ್ ತರಿಸಿಕೊಳ್ಳಬೇಡಿ. ಅಲ್ಲಿ ಅಂಗಡಿಯಲ್ಲಿ ಸಿಕ್ಕಿದ ಮಾತ್ರಕ್ಕೆ ಇಲ್ಲಿ ಬಳಸಲು ಒಪ್ಪಿಗೆ ಸಿಕ್ಕಿತು ಅಂತ ಅಲ್ಲ, ಏರ್‌ಪೋರ್ಟಿನಲ್ಲೇ ಕಸ್ಟಮ್ಸ್ ತಡೆಯಬಹುದು. ಇನ್ನೊಂದು, ಮಲ್ಪೆ ಬಂದರಿನ ಬೋಟುಗಳಲ್ಲಿ ಇರುವ ವಿಎಚ್‌ಎಫ್ ಸೆಟ್ಟನ್ನು ಕಾರಿಗೆ ಹಾಕಬೇಡಿ. ಅದು ಸಮುದ್ರದ ಬಳಕೆಗೆ ಮೀಸಲು. ಅದರ 16ನೇ ಚಾನೆಲ್, 156.8 ಮೆಗಾಹರ್ಟ್ಸ್, ಅಪಾಯದಲ್ಲಿರುವ ಬೋಟಿನವರ ಕರೆಗೆ ಇರುವುದು. ರಸ್ತೆಯ ಹರಟೆ ಅಲ್ಲಿಗೆ ಹೋದರೆ ಯಾರದೋ ಜೀವಕ್ಕೆ ಕುತ್ತು.

ಹಂತ 3: ಮೊದಲು ಆಂಟೆನಾ, ಅದರ ಜಾಗ

27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ, ಅಂದರೆ 2.75 ಮೀಟರ್ ಉದ್ದದ ಆಂಟೆನಾ ಇದ್ದರೆ ಅದು ಪೂರ್ತಿ ಅಳತೆಯದ್ದು. ಗಾಡಿ ಮೇಲೆ ಅಷ್ಟು ಎತ್ತರ ಆಗುವುದಿಲ್ಲ ಅಲ್ವಾ? ಅದಕ್ಕೇ ಬುಡದಲ್ಲೋ ಮಧ್ಯದಲ್ಲೋ ಕಾಯಿಲ್ ಸುತ್ತಿ ಗಿಡ್ಡ ಮಾಡುತ್ತಾರೆ. ಗಿಡ್ಡ ಆದಷ್ಟೂ ದೂರ ಕಡಿಮೆ, ಸರಿಹೊಂದಿಸುವುದೂ ಕಷ್ಟ. ಅರ್ಧ ಮೀಟರಿಗಿಂತ ಸಣ್ಣದು ನೋಡಲು ಚಂದ, ಕೆಲಸಕ್ಕೆ ಆಗುವುದಿಲ್ಲ. 1ರಿಂದ 1.5 ಮೀಟರಿನದು ಹೆಚ್ಚಿನ ಗಾಡಿಗಳಿಗೆ ಸರಿ.

ಆಂಟೆನಾದ ಕೆಳಗಿರುವ ತಗಡೂ ಅದರ ಭಾಗವೇ. ಹಾಗಾಗಿ ಕಬ್ಬಿಣದ ಚಾವಣಿಯ ನಟ್ಟನಡುವೆ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಆಮ್ನಿ, ಈಕೋ, ಸಾಮಾನ್ಯ ಕಾರುಗಳಿಗೆ ಆಯಸ್ಕಾಂತದ ಬುಡದ್ದು ಸಾಕು. ಬಟ್ಟೆ ಟಾಪಿನ ಜೀಪು, ಫೈಬರ್ ಚಾವಣಿ, ಗಾಜಿನ ಸನ್‌ರೂಫ್ ಇದ್ದರೆ ಆಯಸ್ಕಾಂತ ಹಿಡಿಯುವುದಿಲ್ಲ. ಅಂಥ ಜೀಪಿಗೆ ಬಾನೆಟ್ ಅಂಚಿಗೋ ಹಿಂದಿನ ಬಾಡಿಗೋ ಬ್ರಾಕೆಟ್ ಹಾಕಿಸಿ. ಲಾರಿಗೆ ಕನ್ನಡಿಯ ಕಂಬಿಗೆ ಬ್ರಾಕೆಟ್ ಹಾಕುವುದು ರೂಢಿ. ಆದರೆ ಬ್ರಾಕೆಟ್ ಮತ್ತು ಚಾಸಿ ನಡುವೆ ಪೇಂಟ್ ಇದ್ದರೆ ಅರ್ಥ್ ಸಿಗುವುದಿಲ್ಲ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಲೋಹ ಕಾಣಿಸಿ, ಬಿಗಿ ಮಾಡಿದ ಮೇಲೆ ಗ್ರೀಸ್ ಹಚ್ಚಿ.

ಗಾಡಿಯ ಎತ್ತರಕ್ಕೆ ಆಂಟೆನಾ ಸೇರಿಸಿ ಅಳೆದು ನೋಡಿ. ಪೆಟ್ರೋಲ್ ಬಂಕಿನ ಚಾವಣಿ, ರಸ್ತೆಗೆ ಬಾಗಿದ ಕೊಂಬೆಗಿಂತ ಜಾಸ್ತಿ ಯೋಚಿಸಬೇಕಾದ್ದು ಒಳರಸ್ತೆಯಲ್ಲಿ ಜೋತು ಬಿದ್ದ ಕರೆಂಟ್ ತಂತಿ. ಅನುಮಾನ ಬಂದರೆ ಆಂಟೆನಾ ಇಳಿಸಿಯೇ ಮುಂದೆ ಹೋಗಿ.

ಹಂತ 4: ಈಗ ಸೆಟ್

ಸಣ್ಣ ಸೆಟ್ ಕೊಳ್ಳುವ ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ರಟ್ಟಿನ ಪೆಟ್ಟಿಗೆಯನ್ನು ಅದೇ ಅಳತೆಗೆ ಕತ್ತರಿಸಿ ಇಟ್ಟು ನೋಡಿ. ಗೇರಿಗೆ ಕೈ ತಾಗಬಾರದು, ಏರ್‌ಬ್ಯಾಗ್ ಬಿಚ್ಚುವ ದಾರಿಯಲ್ಲಿ ಇರಬಾರದು, ಮೈಕಿನ ಸುರುಳಿ ವಯರ್ ಪೆಡಲಿಗೆ ಸಿಕ್ಕಬಾರದು. ಜಾಗವೇ ಇಲ್ಲ ಎಂದಾದರೆ ಎಲ್ಲ ಬಟನ್ ಮೈಕಿನಲ್ಲೇ ಇರುವ ಮಾಡೆಲ್ ಸಿಗುತ್ತದೆ. ಸೆಟ್ಟನ್ನು ಸೀಟಿನ ಕೆಳಗೆ ಅಡಗಿಸಬಹುದು.

ಸ್ಪೀಕರ್ ಯಾವ ಕಡೆಗೆ ಇದೆ ಎಂದು ಯಾರೂ ನೋಡುವುದಿಲ್ಲ. ಸಣ್ಣ ಸೆಟ್‌ಗಳಲ್ಲಿ ಹಲವಕ್ಕೆ ಅದು ಅಡಿಯಲ್ಲಿ ಇರುತ್ತದೆ. ಕಾರ್ಪೆಟ್ ಮೇಲೆ ಇಟ್ಟರೆ ಮಾತು ಮುಚ್ಚಿಹೋಗುತ್ತದೆ. ಲಾರಿ ಕ್ಯಾಬಿನ್ನಿನ ಸದ್ದಿಗೆ ಹೊರಗಿನ ಸ್ಪೀಕರ್ ಬೇಕೇ ಬೇಕು, ಅದರ ಜ್ಯಾಕ್ ಇದೆಯೇ ನೋಡಿ.

ವೋಲ್ಟೇಜ್ ಮರೆಯಬೇಡಿ. ಕಾರು, ಜೀಪು 12 ವೋಲ್ಟ್. ದೊಡ್ಡ ಲಾರಿ, ಬಸ್ಸು 24 ವೋಲ್ಟ್. ಸೆಟ್ ಮೇಲೆ 12/24 ಎಂದು ಬರೆದಿದ್ದರೆ ನೇರವಾಗಿ ಕೊಡಬಹುದು. ಬರೀ 12 ಎಂದಿದ್ದರೆ 24ರಿಂದ 12ಕ್ಕೆ ಇಳಿಸುವ 5 ಆಂಪಿಯರ್ ಕನ್ವರ್ಟರ್ ಹಾಕಿ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆಯುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಮಾಡಬೇಡಿ, ಒಂದು ಬ್ಯಾಟರಿ ಬೇಗ ಸಾಯುತ್ತದೆ.

ಸೆಟ್‌ನಲ್ಲಿ ಎಎಂ, ಎಫ್‌ಎಂ ಎರಡೂ ಮೋಡ್ (ಧ್ವನಿ ಕಳಿಸುವ ವಿಧಾನ) ಇದ್ದರೆ ಒಳ್ಳೆಯದು. ಹತ್ತಿರದಲ್ಲಿ ಎಫ್‌ಎಂ ಸ್ವಚ್ಛವಾಗಿ ಕೇಳುತ್ತದೆ. ಆದರೆ ಎಲ್ಲ ಗಾಡಿಯೂ ಒಂದೇ ಮೋಡ್‌ನಲ್ಲಿ ಇರಬೇಕು. ಚಾನೆಲ್ ಒಂದೇ ಇದ್ದು ಮೋಡ್ ಬೇರೆಯಾದರೆ ಬರೀ ಗೊರಗೊರ. ಸೆಟ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಡುವ ಮೊದಲು ಇದನ್ನು ನೋಡಿ.

ಹಂತ 5: ಸಾಮಾನು ಹೊಂದಿಸಿ

ಮಲ್ಟಿಮೀಟರ್, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಸರಿಹೊಂದಿದೆಯೇ ಎಂದು ಅಳೆಯುವುದು), ಅರ್ಧ ಮೀಟರಿನ ಜೋಡಣೆ ಕೇಬಲ್, ಅಲೆನ್ ಕೀ, ಕ್ರಿಂಪಿಂಗ್ ಪ್ಲೈಯರ್, ಲಗ್‌ಗಳು, 1.5 ಚದರ ಮಿಲಿಮೀಟರ್ ವಯರ್, ಫ್ಯೂಸ್ ಹೋಲ್ಡರ್, ಸ್ಯಾಂಡ್ ಪೇಪರ್, ನೀರು ಬಿಡದ ರಬ್ಬರ್ ಟೇಪ್. ಎಸ್‌ಡಬ್ಲ್ಯುಆರ್ ಮೀಟರ್ ಒಬ್ಬೊಬ್ಬರು ಕೊಳ್ಳಬೇಕಿಲ್ಲ, ಗುಂಪಿಗೆ ಒಂದು ಸಾಕು. ಆದರೆ ಅದು ಇಲ್ಲದೆ ಕೆಲಸ ಶುರು ಮಾಡಬೇಡಿ. ಅದು 27 ಮೆಗಾಹರ್ಟ್ಸ್ ಅಳೆಯುವುದಾಗಿರಬೇಕು.

ಹಂತ 6: ಕರೆಂಟ್ ಕೊಡಿ

ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವುದು ಸುಲಭ. ಒಂದು ದಿನದ ಪ್ರವಾಸಕ್ಕೆ ಅಡ್ಡಿ ಇಲ್ಲ. ಆದರೆ ಸಾಕೆಟ್ ಸಡಿಲ ಇದ್ದರೆ ಗುಂಡಿಗೆ ಬಿದ್ದಾಗೆಲ್ಲ ಸೆಟ್ ಆಫ್ ಆಗುತ್ತದೆ, ಎಂಜಿನ್ನಿನ ಸದ್ದೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಕಾಯಂ ಆಗಿ ಹಾಕುವುದಾದರೆ ಬ್ಯಾಟರಿಯಿಂದಲೇ ಎಳೆಯಿರಿ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೆಂಪು ವಯರನ್ನು ಪಾಸಿಟಿವ್‌ಗೆ ಕೊಡಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. 4 ವ್ಯಾಟಿನ ಸೆಟ್‌ಗೆ ಸಾಮಾನ್ಯವಾಗಿ 2 ಅಥವಾ 3 ಆಂಪಿಯರ್ ಫ್ಯೂಸ್. ಸೆಟ್ಟಿನ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಹಾಕಿ. ಫ್ಯೂಸ್ ಹಾರಿತು ಎಂದು 10 ಆಂಪಿಯರಿನದು ತುರುಕಿದರೆ ಮುಂದಿನ ಸಲ ಹಾರುವುದು ಫ್ಯೂಸ್ ಅಲ್ಲ, ವಯರಿಗೇ ಬೆಂಕಿ ಹಿಡಿಯುತ್ತದೆ.

ಕಪ್ಪು ವಯರ್ ಬಗ್ಗೆ ಒಂದು ಎಚ್ಚರಿಕೆ. ಹೊಸ ಕಾರುಗಳಲ್ಲಿ ಹಲವಕ್ಕೆ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಇರುತ್ತದೆ. ಅಲ್ಲಿ ಕಪ್ಪು ವಯರನ್ನು ಟರ್ಮಿನಲ್‌ಗೆ ಕೊಡದೆ ಬಾಡಿ ಅರ್ಥ್ ಬೋಲ್ಟಿಗೆ ಕೊಡಿ. ಎಂಜಿನ್ ಗೋಡೆ ದಾಟುವಾಗ ರಬ್ಬರ್ ಬುಶ್ ಇರುವ ತೂತಿನಿಂದಲೇ ವಯರ್ ತನ್ನಿ. ಬರೀ ತಗಡಿನ ಅಂಚು ವಯರನ್ನು ನಿಧಾನವಾಗಿ ಕೊಯ್ಯುತ್ತದೆ. ಗಾಡಿ ವಾರಂಟಿಯಲ್ಲಿದ್ದರೆ ವಯರ್ ಮುಟ್ಟುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಸೆಟ್‌ಗೆ ಸಿಕ್ಕಿಸುವ ಮೊದಲು, ಬಿಚ್ಚಿದ ನೆಗೆಟಿವ್ ಮತ್ತೆ ಜೋಡಿಸಿ, ಮಲ್ಟಿಮೀಟರಿನಲ್ಲಿ ಪ್ಲಗ್ ಅಳೆಯಿರಿ. ಪ್ಲಸ್ ಮೈನಸ್ ತಿರುಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಈಗ ಆನ್ ಮಾಡಿ ಕೇಳಬಹುದು. ಮೈಕ್ ಮಾತ್ರ ಒತ್ತಬೇಡಿ.

ಹಂತ 7: ಆಂಟೆನಾ ಕೂರಿಸಿ, ಕೇಬಲ್ ಎಳೆಯಿರಿ

ಚಾವಣಿ ಒರೆಸಿ. ಕೆಂಪು ಮಣ್ಣಿನ ಧೂಳು, ಮರಳು ಒಂದು ಕಣವೂ ಇರಬಾರದು. ಇದ್ದರೆ ಆಯಸ್ಕಾಂತ ಪೇಂಟನ್ನು ಗೀರುತ್ತದೆ. ಕೇಬಲನ್ನು ಬಾಗಿಲಿನ ರಬ್ಬರ್ ಬೀಡಿಂಗ್ ಕೆಳಗಿನಿಂದ ಒಳಗೆ ತನ್ನಿ. ಒಳಗೆ ಬರುವ ಮೊದಲು ಅದು ಸ್ವಲ್ಪ ಕೆಳಗೆ ಬಾಗಿ ಮೇಲೆ ಬರಬೇಕು. ಆಗ ಮಳೆನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ, ಕೇಬಲ್ ಹಿಡಿದು ಸೀಟಿಗೆ ಇಳಿಯುವುದಿಲ್ಲ.

ಬಾಗಿಲು ಹಾಕಿ ತೆಗೆದು ನೋಡಿ. ಕೇಬಲ್ ಜಜ್ಜಿದರೆ ಹೊರಗಿನಿಂದ ಏನೂ ಕಾಣದಿದ್ದರೂ ಒಳಗಿನ ತಂತಿ, ಜಾಲರಿ ಒಂದಕ್ಕೊಂದು ತಾಗಬಹುದು. ಆಂಟೆನಾ ಜೊತೆ ಬಂದ ಕೇಬಲನ್ನು ಕತ್ತರಿಸಬೇಡಿ. ಉಳಿದದ್ದನ್ನು ಬಿಗಿ ಸುರುಳಿ ಮಾಡದೆ ಸೀಟಿನ ಕೆಳಗೆ ಸಡಿಲವಾಗಿ ಹರಡಿ.

ಹಂತ 8: ಎಸ್‌ಡಬ್ಲ್ಯುಆರ್ ಅಳೆಯಿರಿ

ಇಡೀ ಕೆಲಸದ ಮುಖ್ಯ ಭಾಗ ಇದು. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಸೆಟ್ ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹೊರಗೆ ಹೋಗದೆ ಸೆಟ್‌ಗೇ ವಾಪಸ್ ಬರುತ್ತಿದೆ ಎಂದು ಈ ಮೀಟರ್ ಹೇಳುತ್ತದೆ. 1.5 ಬಂದರೆ ವಾಪಸ್ ಬರುವುದು ಸುಮಾರು 4 ಶೇಕಡಾ. 2 ಬಂದರೆ 11. 3 ಬಂದರೆ 25, ಅಂದರೆ ಕಾಲು ಭಾಗ. ಹೀಗೆ ವಾಪಸ್ ಬರುವ ಶಕ್ತಿಯೇ ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರನ್ನು ಬಿಸಿ ಮಾಡಿ ಸುಡುವುದು.

ಗಾಡಿಯನ್ನು ಬಯಲಿಗೆ ತನ್ನಿ. ತಗಡಿನ ಶೀಟ್ ಹಾಕಿದ ಅಂಗಳದಲ್ಲಿ, ಪೋರ್ಟಿಕೋದಲ್ಲಿ, ಮರದ ಕೆಳಗೆ ಅಳೆದರೆ ಲೆಕ್ಕ ತಪ್ಪುತ್ತದೆ. ತಣ್ಣೀರುಬಾವಿ ಕಡೆಯ ತೆರೆದ ಜಾಗವೋ, ಅಡಿಕೆ ಒಣಹಾಕುವ ದೊಡ್ಡ ಅಂಗಳವೋ ಆಗಬಹುದು. ಬಾಗಿಲು, ಡಿಕ್ಕಿ ಮುಚ್ಚಿ. ಆಂಟೆನಾ ಹತ್ತಿರ ಯಾರೂ ನಿಲ್ಲಬಾರದು, ಮೈಕ್ ಒತ್ತಿರುವಾಗ ಅದನ್ನು ಮುಟ್ಟಲೂಬಾರದು.

ಕ್ರಮ ಹೀಗೆ. ಸೆಟ್ಟಿನಿಂದ ಜೋಡಣೆ ಕೇಬಲ್ ಮೀಟರಿನ ಟ್ರಾನ್ಸ್‌ಮಿಟರ್ ಕಡೆಗೆ, ಆಂಟೆನಾ ಕೇಬಲ್ ಮೀಟರಿನ ಆಂಟೆನಾ ಕಡೆಗೆ. 14ನೇ ಚಾನೆಲ್ ಹಾಕಿ, ಯಾರಾದರೂ ಮಾತಾಡುತ್ತಿದ್ದಾರಾ ಎಂದು ಕೇಳಿ. ಇಲ್ಲವಾದರೆ ಮೀಟರಿನ ಸ್ವಿಚ್ಚನ್ನು ಫಾರ್ವರ್ಡ್‌ಗೆ ಹಾಕಿ ಮೈಕ್ ಒತ್ತಿ, ಮುಳ್ಳು ‘ಸೆಟ್’ ಎಂದು ಬರೆದ ಗೆರೆಗೆ ಬರುವವರೆಗೆ ಮೀಟರಿನ ಗುಬುಟು ತಿರುಗಿಸಿ. ಒತ್ತಿಕೊಂಡೇ ಸ್ವಿಚ್ಚನ್ನು ರಿಫ್ಲೆಕ್ಟೆಡ್‌ಗೆ ಹಾಕಿ ಅಂಕೆ ಓದಿ, ಬಿಡಿ. ನಾಲ್ಕೈದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ. ಇಲ್ಲಿ 3ಕ್ಕಿಂತ ಕಡಿಮೆ ಇದ್ದರೆ ಮಾತ್ರ 1ನೇ ಮತ್ತು 27ನೇ ಚಾನೆಲ್‌ನಲ್ಲೂ ಇದನ್ನೇ ಮಾಡಿ, ಗೆರೆಗೆ ತರುವ ಕೆಲಸವನ್ನು ಪ್ರತಿ ಚಾನೆಲ್‌ಗೂ ಹೊಸದಾಗಿ ಮಾಡಿ.

1ರಲ್ಲಿ ಜಾಸ್ತಿ, 27ರಲ್ಲಿ ಕಡಿಮೆ ಬಂದರೆ ಆಂಟೆನಾ ಗಿಡ್ಡ ಆಗಿದೆ. ಅಲೆನ್ ಸ್ಕ್ರೂ ಸಡಿಲಿಸಿ ಕಡ್ಡಿಯನ್ನು ಮೇಲೆ ಎಳೆಯಿರಿ. 1ರಲ್ಲಿ ಕಡಿಮೆ, 27ರಲ್ಲಿ ಜಾಸ್ತಿ ಬಂದರೆ ಉದ್ದ ಆಗಿದೆ, ಕೆಳಗೆ ಇಳಿಸಿ. ಒಂದು ಸಲಕ್ಕೆ 3ರಿಂದ 5 ಮಿಲಿಮೀಟರ್ ಸಾಕು. ಕಡ್ಡಿ ಪೂರ್ತಿ ಇಳಿಸಿದ ಮೇಲೂ ಉದ್ದ ಎನಿಸಿದರೆ ಮಾತ್ರ ತುದಿ ಕತ್ತರಿಸುವ ಯೋಚನೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಆಗುವುದಿಲ್ಲ.

ಮಧ್ಯದಲ್ಲಿ 1.5ರ ಒಳಗೆ, ಎರಡು ತುದಿಯಲ್ಲಿ 2ರ ಒಳಗೆ ಬಂದರೆ ನಿಲ್ಲಿಸಿ. 1.2ನ್ನು 1.1 ಮಾಡಲು ಗಂಟೆಗಟ್ಟಲೆ ಒದ್ದಾಡಬೇಡಿ, ಕಿವಿಗೆ ಅದರ ವ್ಯತ್ಯಾಸ ತಿಳಿಯುವುದಿಲ್ಲ.

14ರಲ್ಲೇ 3 ಅಥವಾ ಅದಕ್ಕಿಂತ ಮೇಲೆ ಬಂದರೆ ಕಡ್ಡಿಯ ಗೋಜಿಗೆ ಹೋಗಬೇಡಿ. ಕೇಬಲ್, ಕನೆಕ್ಟರ್ ಅಥವಾ ಅರ್ಥ್‌ನಲ್ಲಿ ತೊಂದರೆ ಇದೆ. ಮಲ್ಟಿಮೀಟರಿನಲ್ಲಿ ಕನೆಕ್ಟರಿನ ನಡುಪಿನ್ನು ಮತ್ತು ಹೊರಬಳೆ ತಾಗಿವೆಯೇ ನೋಡಿ. ಆದರೆ ಕೆಲವು ಆಂಟೆನಾಗಳು ಬುಡದ ಕಾಯಿಲ್‌ನಿಂದಲೇ ಅರ್ಥ್ ಆಗಿರುತ್ತವೆ. ಅವುಗಳಲ್ಲಿ ತಾಗಿದ ಹಾಗೆ ತೋರಿಸುವುದು ಸಹಜ. ಆಂಟೆನಾದ ಪುಸ್ತಕ ನೋಡದೆ ಕೇಬಲ್ ಬದಲಿಸಬೇಡಿ.

ಹಂತ 9: ಮಾತಾಡಿ ಪರೀಕ್ಷಿಸಿ

ಸ್ಕ್ವೆಲ್ಚ್ (ಮಾತಿಲ್ಲದಾಗ ಕರಕರ ತಡೆಯುವ) ಗುಬುಟನ್ನು ಪೂರ್ತಿ ಕಡಿಮೆ ಮಾಡಿ, ಕರಕರ ಕೇಳಿಸಲಿ. ನಿಧಾನಕ್ಕೆ ತಿರುಗಿಸಿ, ಸದ್ದು ನಿಂತ ಕೂಡಲೇ ಅಲ್ಲಿಗೆ ಬಿಡಿ. ಸದ್ದು ಬೇಡ ಎಂದು ಇನ್ನೂ ತಿರುಗಿಸಿದರೆ ದೂರದ ಗಾಡಿಯ ಮಾತೂ ಮುಚ್ಚಿಹೋಗುತ್ತದೆ. ಘಾಟಿಯಲ್ಲಿ ಸ್ವಲ್ಪ ಕರಕರ ಇರುವ ಹಾಗೆಯೇ ಬಿಡುವುದು ಒಳ್ಳೆಯದು. ಆರ್‌ಎಫ್ ಗೇನ್ (ಸೆಟ್ ಎಷ್ಟು ಸೂಕ್ಷ್ಮವಾಗಿ ಕೇಳಬೇಕು ಎಂದು ಹೊಂದಿಸುವ ಗುಬುಟು) ಇದ್ದರೆ ಪೂರ್ತಿ ಮೇಲಿರಲಿ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ. ಒತ್ತಿ, ಒಂದು ಕ್ಷಣ ಬಿಟ್ಟು ಮಾತು ಶುರು ಮಾಡಿ. ಇಲ್ಲವಾದರೆ ಮೊದಲ ಶಬ್ದ ನುಂಗಿಹೋಗುತ್ತದೆ. ಕೊನೆಯಲ್ಲಿ ಬೇಗ ಬಿಟ್ಟರೂ ಹಾಗೆಯೇ, ‘ನಿಲ್ಲಿಸಬೇಡಿ’ಯಲ್ಲಿ ‘ನಿಲ್ಲಿಸ’ ಮಾತ್ರ ಕೇಳಿದರೆ ಏನಾಗಬಹುದು ಯೋಚಿಸಿ. ಹಾಗಾಗಿ ‘ಮುಂದೆ ಬನ್ನಿ’, ‘ಅಲ್ಲೇ ಇರಿ’ ಎಂಬಂಥ ನೇರ ಮಾತು ಬಳಸಿ. ತುಳುವೋ, ಕುಂದಾಪುರ ಕನ್ನಡವೋ, ಗುಂಪಿನ ಎಲ್ಲರಿಗೂ ಬರುವ ಒಂದೇ ಭಾಷೆಯಲ್ಲಿ ಮಾತಾಡಿ. ಗಾಡಿಗಳಿಗೆ ಒಂದು, ಎರಡು, ಮೂರು ಎಂದು ನಂಬರ್ ಕೊಡಿ.

ಒಂದು ಗಾಡಿಯನ್ನು ಹೆದ್ದಾರಿ ಬದಿಯ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇನ್ನೊಂದು ಹೊರಡಲಿ. ಪ್ರತಿ ಕಿಲೋಮೀಟರಿಗೆ ಒಮ್ಮೆ ಮಾತಾಡಿ, ಎಲ್ಲಿ ತುಂಡಾಯಿತು ಗುರುತಿಸಿ. ಆಮೇಲೆ ನಿಂತ ಗಾಡಿ ಹೋಗಲಿ. ಎರಡೂ ಸಲ ಮಾತು ಒಂದೇ ಕಡೆ ತುಂಡಾದರೆ ಸರಿ. ಒಬ್ಬರದು ಕೇಳುತ್ತದೆ, ಇನ್ನೊಬ್ಬರದು ಕೇಳುವುದಿಲ್ಲ ಎಂದರೆ ಯಾರ ಮಾತು ಕೇಳುವುದಿಲ್ಲವೋ ಅವರ ಮೈಕ್ ಅಥವಾ ಆಂಟೆನಾ ನೋಡಿ.

ಆಗುಂಬೆ, ಚಾರ್ಮಾಡಿ, ಶಿರಾಡಿಯಲ್ಲಿ ಮೊದಲ ಮತ್ತು ಕೊನೆಯ ಗಾಡಿಗೆ ನೇರ ಮಾತು ಸಿಗುವುದಿಲ್ಲ. ಮಧ್ಯದ ಗಾಡಿಗೆ ಒಬ್ಬರನ್ನು ನೇಮಿಸಿ. ಅವರು ಆ ಕಡೆಯ ಮಾತನ್ನು ಈ ಕಡೆಗೆ ಹಾಗೆಯೇ ದಾಟಿಸಬೇಕು. ಮೊಬೈಲ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ಅಪಘಾತ ಕಂಡರೆ, ಸಿಗ್ನಲ್ ಇರುವ ಕಡೆ ಮುಟ್ಟಿದ ಗಾಡಿಗೆ ಹೀಗೆ ಸುದ್ದಿ ಕಳಿಸಿ 112ಕ್ಕೆ ಕರೆ ಮಾಡಿಸಬಹುದು.

ಗಾಡಿ ಓಡಿಸುವವರು ಮೈಕ್ ಹಿಡಿಯಬೇಡಿ. ಕ್ಲೀನರೋ ಪಕ್ಕದಲ್ಲಿ ಕೂತವರೋ ಮಾತಾಡಲಿ. ಪೆಟ್ರೋಲ್ ಹಾಕಿಸುವಾಗ ಸೆಟ್ ಆಫ್. ಇದರಲ್ಲಿ ಗುಟ್ಟು ಇಲ್ಲ, ಯಾರು ಬೇಕಾದರೂ ಕೇಳಬಹುದು. ಲಾರಿಯಲ್ಲಿ ಏನಿದೆ, ಕೈಯಲ್ಲಿ ಎಷ್ಟು ಹಣ ಇದೆ ಎಂದೆಲ್ಲ ಹೇಳಬೇಡಿ.

ಹಂತ 10: ಸದ್ದಿನ ಮೂಲ ಹುಡುಕಿ

ಎಂಜಿನ್ ಆಫ್ ಮಾಡಿ ಕೇಳಿ. ಸದ್ದು ನಿಂತರೆ ಅದು ಗಾಡಿಯದ್ದೇ. ಆಕ್ಸಿಲೇಟರ್ ಒತ್ತಿದ ಹಾಗೆ ಏರುವ ‘ಕುಂಯ್’ ಸದ್ದು ಆಲ್ಟರ್ನೇಟರಿನದು, ಕರೆಂಟ್ ಮತ್ತು ಅರ್ಥ್ ವಯರ್ ನೋಡಿ. ಟಕಟಕ ಎಂದರೆ ಸ್ಪಾರ್ಕ್ ಪ್ಲಗ್ ಕಡೆಯದು. ಎಂಜಿನ್ ಆಫ್ ಇದ್ದರೂ ನಿಲ್ಲದಿದ್ದರೆ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಲೈಟು, ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಅಗ್ಗದ ಚಾರ್ಜರ್ ಒಂದೇ ಸಾಕು, ಇಡೀ ಬ್ಯಾಂಡ್ ಕೆಡಿಸಲು.

ಹಗಲು ಹೊತ್ತಿನಲ್ಲಿ ಒಮ್ಮೊಮ್ಮೆ ಗೊತ್ತಿಲ್ಲದ ಭಾಷೆಯ ಮಾತು ಜೋರಾಗಿ ಕೇಳಿಸುತ್ತದೆ. ಸೂರ್ಯನ ಚಟುವಟಿಕೆ ಜಾಸ್ತಿ ಇರುವ ವರ್ಷಗಳಲ್ಲಿ 27 ಮೆಗಾಹರ್ಟ್ಸ್ ಅಲೆ ಅಯಾನುಗೋಳ ಎನ್ನುವ ವಾತಾವರಣದ ಮೇಲಿನ ಪದರಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಸೆಟ್ ಸರಿಯಾಗಿಯೇ ಇದೆ. ಬೇರೆ ಚಾನೆಲ್‌ಗೆ ಹೋಗಿ.

ಮಳೆಗಾಲದ ಆರೈಕೆ, ಅಪಾಯದ ಸೂಚನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಆಯಸ್ಕಾಂತ ಎತ್ತಿ ನೋಡಿ. ಅಡಿಯಲ್ಲಿ ಕಂದು ನೀರಿನ ಉಂಗುರ ಕಂಡರೆ ತುಕ್ಕು ಶುರುವಾಗಿದೆ ಎಂದೇ ಅರ್ಥ. ಎರಡೂ ಕಡೆ ಒರೆಸಿ, ಒಣಗಿಸಿ, ಮತ್ತೆ ಇಡಿ. ಹೊರಗಿರುವ ಪ್ರತಿ ಕನೆಕ್ಟರಿಗೂ ರಬ್ಬರ್ ಟೇಪ್ ಎಳೆದು ಸುತ್ತಿ. ಮಾಮೂಲಿ ಕಪ್ಪು ಟೇಪು ಉಪ್ಪುಗಾಳಿಗೆ, ಮಳೆಗೆ ಬೇಗ ಬಿಟ್ಟುಕೊಳ್ಳುತ್ತದೆ. ಕೇಬಲಿನ ಜಾಲರಿ ಹಸಿರುಗಟ್ಟಿದರೆ ಆ ಕೇಬಲ್ ಮುಗಿಯಿತು, ಬದಲಿಸಿ. ಮಳೆ ಶುರುವಾಗುವ ಮೊದಲು, ನಿಂತ ಮೇಲೆ, ಎಸ್‌ಡಬ್ಲ್ಯುಆರ್ ಮತ್ತೆ ಅಳೆಯಿರಿ.

ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗು ಮಳೆ ಹತ್ತಿರ ಬರುತ್ತಿದ್ದರೆ ಗಾಡಿ ನಿಲ್ಲಿಸಿ, ಆಂಟೆನಾ ಕೇಬಲನ್ನು ಸೆಟ್ಟಿನಿಂದ ಬಿಚ್ಚಿಡಿ. ತಲೆ ಮೇಲೆ ಮಿಂಚು ಹೊಡೆಯುವಾಗ ಬಿಚ್ಚಲು ಹೋಗಬೇಡಿ.

ಎಸ್‌ಡಬ್ಲ್ಯುಆರ್ ಹಳೆಯ ಅಂಕೆ 1.4 ಇದ್ದದ್ದು ಇದ್ದಕ್ಕಿದ್ದ ಹಾಗೆ 2.5 ಆದರೆ, ಸೆಟ್ಟಿನ ಬೆನ್ನು ಕೈ ಇಡಲಾಗದಷ್ಟು ಬಿಸಿಯಾದರೆ, ಮೈಕ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಲೈಟು ಮಿಣುಕಿದರೆ, ಸುಟ್ಟ ವಾಸನೆ ಬಂದರೆ, ಅಲ್ಲಿಗೇ ಮಾತು ನಿಲ್ಲಿಸಿ ಸೆಟ್ ಆಫ್ ಮಾಡಿ. ಮೊದಲು ಕನೆಕ್ಟರ್, ಆಮೇಲೆ ಕೇಬಲ್, ಆಮೇಲೆ ಅರ್ಥ್ ನೋಡಿ. ಈ ಮೂರೂ ಸರಿ ಇದ್ದರೆ ಮಾತ್ರ ಸೆಟ್ಟನ್ನು ರಿಪೇರಿಗೆ ಕೊಡಿ, ಕೊಡುವಾಗ ಕೊನೆಯ ಸಲ ಅಳೆದ ಅಂಕೆಯನ್ನೂ ಬರೆದು ಕೊಡಿ.